ಶಾಲೆ ಬಿಟ್ಟ ಮಗು, ಶಾಲೆಯಲ್ಲಿದ್ದೂ ಇಲ್ಲದ ಮಗು

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿಗೆ ಸೇರಿದ ದೇಶನೂರು, ತುಂಗಭದ್ರೆಯ ಕಾಲುವೆ ನೀರನ್ನು ನಂಬಿ ನೆಲ್ಲು ಬೆಳೆಯುವ ಸೀಮೆಯ ಒಂದು ಊರು. ಈ ಸೀಮೆಯನ್ನು ದಾಟಿ ಕುರುಗೋಡು, ಬಳ್ಳಾರಿಗಳ ಕಡೆಗೆ ಸಾಗಿದಂತೆ ಎರೆಹೊಲಗಳಲ್ಲಿ ಹತ್ತಿ ಮತ್ತು ಮೆಣಸಿನಕಾಯಿ ಕಾಣಿಸಿಕೊಳ್ಳುತ್ತವೆ. ಬಳ್ಳಾರಿ ನಗರವನ್ನು ಮುಟ್ಟಿದರೆ ಓಣಿ ಓಣಿಯಲ್ಲಿ ಜೀನ್ಸ್ ಬಟ್ಟೆ ಹೊಲಿಯುವ, ಗುಂಡಿ ಹಚ್ಚುವ, ದಾರ ಕತ್ತರಿಸುವ ಕೆಲಸ ನಡೆದಿರುತ್ತದೆ. ನೆಲ್ಲು, ಮೆಣಸಿನಕಾಯಿ, ಜೀನ್ಸ್ ಎಂಬ ಈ ಮೂರೂ ದುಡಿಮೆಗಳಿಗೆ ಸಮಾನವಾದ ಒಂದು ಗುಣವಿದೆ: ಕೆಲವು ವಾರಗಳ ಮಟ್ಟಿಗೆ ಒಮ್ಮೆಲೇ ಬಹಳ ಕೈಗಳು ಬೇಕಾಗುತ್ತವೆ ಮತ್ತು ಆ ಕೈಗಳು ಚಿಕ್ಕವಾಗಿದ್ದರೂ ಕೆಲಸ ನಡೆಯುತ್ತದೆ. ಈ ಭಾಗದಲ್ಲಿ ಮಕ್ಕಳು ಶಾಲೆ ಬಿಡುವುದಕ್ಕೆ ಬಡತನ, ಪಾಲಕರ ಅನಕ್ಷರತೆ ಎಂಬ ಸಿದ್ಧ ಕಾರಣಗಳನ್ನು ಹೇಳಿ ಮುಗಿಸುವುದು ವಾಡಿಕೆಯಾಗಿದೆಯಾದರೂ, ಯಾವ ಮಗು, ಯಾವ ತಿಂಗಳಲ್ಲಿ, ಯಾವ ತರಗತಿಯಲ್ಲಿ ಶಾಲೆಯಿಂದ ಜಾರುತ್ತದೆ ಎಂಬುದನ್ನು ಗಮನಿಸದೆ ಈ ಸಮಸ್ಯೆ ಅರ್ಥವಾಗುವುದಿಲ್ಲ.

ಜಿಲ್ಲೆಯ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹೀಗಾಗಿ ಸಿರುಗುಪ್ಪದ ಗಡಿಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು ಇಂದಿಗೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತವೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದಾಗ, ಅವಿಭಜಿತ ಬಳ್ಳಾರಿ ಜಿಲ್ಲೆಯದು ಶೇ. 67.43 ಇತ್ತು. ಸಂವಿಧಾನದ 371ಜೆ ವಿಧಿಯ ಮೂಲಕ ಬಳ್ಳಾರಿಯೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ದೊರೆತದ್ದಕ್ಕೆ ಈ ಬಗೆಯ ಅಂತರಗಳೇ ಕಾರಣ.

ಶಾಲೆಯ ವರ್ಷವನ್ನೂ ಹೊಲದ ವರ್ಷವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬಹಳಷ್ಟು ಸಂಗತಿ ತಾನಾಗಿಯೇ ತಿಳಿಯುತ್ತದೆ. ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ ಶಾಲೆ ತೆರೆದು, ಮಕ್ಕಳು ಇನ್ನೂ ಹೊಸ ಪುಸ್ತಕದ ಮೊದಲ ಪಾಠಗಳಲ್ಲಿರುವಾಗಲೇ ಕಾಲುವೆಗೆ ನೀರು ಬಂದು ಜುಲೈ-ಆಗಸ್ಟ್‌ನಲ್ಲಿ ನೆಲ್ಲಿನ ನಾಟಿ ಶುರುವಾಗುತ್ತದೆ. ದಸರಾ ರಜೆ ಮುಗಿಯುವ ಹೊತ್ತಿಗೆ ಹತ್ತಿ ಬಿಡಿಸುವ ಕಾಲ, ಅದರ ಹಿಂದೆಯೇ ನೆಲ್ಲಿನ ಕೊಯ್ಲು, ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಬಿಡಿಸುವ ಕಾಲ ಬರುತ್ತವೆ. ವಾರ್ಷಿಕ ಪರೀಕ್ಷೆಗೆ ಸಿದ್ಧರಾಗಬೇಕಾದ ವಾರಗಳೂ ಮೆಣಸಿನಕಾಯಿ ಕೂಲಿಗೆ ಅತಿ ಹೆಚ್ಚು ಬೇಡಿಕೆ ಇರುವ ವಾರಗಳೂ ಒಂದೇ. ಬೆಳಗಿನ ಜಾವ ಊರ ಮುಂದೆ ಬಂದು ನಿಲ್ಲುವ ಟಂಟಂ ಗಾಡಿಗೆ ತಾಯಿಯ ಜೊತೆ ಹತ್ತಿದ ಮಗು ಆ ದಿನ ಶಾಲೆ ಬಿಟ್ಟಿತೆಂದು ಯಾರೂ ಹೇಳುವುದಿಲ್ಲ, ಮಗುವೂ ಹಾಗೆ ಭಾವಿಸಿರುವುದಿಲ್ಲ. ಆದರೆ ಮೂರು ದಿನದ ಗೈರು ಹತ್ತು ದಿನವಾಗಿ, ಹತ್ತು ದಿನ ಒಂದು ತಿಂಗಳಾಗಿ, ತಿರುಗಿ ಬಂದಾಗ ಪಾಠ ತಿಳಿಯದೆ, ತಿಳಿಯದ್ದರಿಂದ ನಾಚಿಕೆಯಾಗಿ, ನಾಚಿಕೆಯಿಂದ ಮತ್ತೆ ಗೈರಾಗಿ, ಕೊನೆಗೆ ಬೇಸಿಗೆ ರಜೆಯ ನಂತರ ಅದು ಬರುವುದೇ ಇಲ್ಲ. ಕಾಲುವೆಯ ಎರಡನೇ ಬೆಳೆಗೆ ನೀರು ಸಿಗದ ವರ್ಷ ಊರಿನಲ್ಲಿ ಕೂಲಿಯೇ ಇಲ್ಲದಾಗಿ ಮನೆಮಂದಿಯೆಲ್ಲ ಗುಳೆ ಹೊರಟರಂತೂ ಈ ಹಂತಗಳೆಲ್ಲ ಒಂದೇ ವಾರದಲ್ಲಿ ಮುಗಿದುಹೋಗುತ್ತವೆ.

ಹೀಗಿರುವಾಗ ಶಾಲೆ ಬಿಡುವುದನ್ನು ಒಂದು ದಿನ ನಡೆಯುವ ಘಟನೆ ಎಂದು ಭಾವಿಸಿದ ಆಡಳಿತ, ಅದಕ್ಕೆ ಒಂದು ದಿನ ನಡೆಯುವ ಉತ್ಸವವನ್ನೇ ಪರಿಹಾರವಾಗಿ ಕಂಡುಕೊಂಡದ್ದು ಸಹಜವೇ. ದಾಖಲಾತಿ ಆಂದೋಲನ, ಶಾಲಾ ಪ್ರಾರಂಭೋತ್ಸವ, ಮರಳಿ ಬಾ ಶಾಲೆಗೆ ಮೊದಲಾದ ಹೆಸರುಗಳಲ್ಲಿ ಜೂನ್ ತಿಂಗಳಲ್ಲಿ ತಳಿರು ತೋರಣ ಕಟ್ಟಿ, ಪ್ರಭಾತಫೇರಿ ಹೊರಡಿಸಿ, ಸಿಹಿ ಹಂಚಿ ಮಕ್ಕಳನ್ನು ಬರಮಾಡಿಕೊಳ್ಳುವುದು ತಪ್ಪೇನಲ್ಲ. ಆದರೆ ಜೂನ್‌ನಲ್ಲಿ ಬಂದ ಮಗು ನವೆಂಬರ್‌ನಲ್ಲಿ ಇದೆಯೇ ಎಂದು ನೋಡುವ ಉತ್ಸವ ಯಾವುದೂ ಇಲ್ಲ.

ಈ ಕೊರತೆಯನ್ನು ಗುರುತಿಸಿದ್ದು ನ್ಯಾಯಾಲಯ. ಶಾಲೆಯಿಂದ ಹೊರಗುಳಿದ ಮಕ್ಕಳ ಕುರಿತ ಪತ್ರಿಕಾ ವರದಿಯನ್ನು ಆಧರಿಸಿ ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ದಾಖಲಿಸಿಕೊಂಡು ರಾಜ್ಯ ಸರ್ಕಾರವನ್ನು ಉತ್ತರದಾಯಿಯಾಗಿಸಿತು. ಆ ವಿಚಾರಣೆಯಲ್ಲಿ ಮುಂದೆ ಬಂದ ಮುಖ್ಯ ಪ್ರಶ್ನೆ, ಎಷ್ಟು ದಿನ ಗೈರಾದರೆ ಮಗುವನ್ನು 'ಶಾಲೆಯಿಂದ ಹೊರಗುಳಿದ ಮಗು' ಎಂದು ಎಣಿಸಬೇಕು ಎಂಬುದು. ಕೇಂದ್ರ ಸರ್ಕಾರ ಸೂಚಿಸುವ ಸಾಮಾನ್ಯ ಮಾನದಂಡ 45 ದಿನಗಳದ್ದು. ಮೊದಲು 60 ದಿನವೆಂದಿದ್ದ ಕರ್ನಾಟಕ, ಅದನ್ನು ಅನುಮತಿಯಿಲ್ಲದ 7 ದಿನಗಳ ನಿರಂತರ ಗೈರಿಗೆ ಇಳಿಸಿತು. ಈ ಬದಲಾವಣೆ ಕೇವಲ ಲೆಕ್ಕದ ವಿಷಯವಲ್ಲ. ಸಿರುಗುಪ್ಪದಂತಹ ತಾಲ್ಲೂಕಿನಲ್ಲಿ 45 ದಿನ ಕಾಯುವುದೆಂದರೆ ಒಂದು ನಾಟಿಯ ಕಾಲ ಪೂರ್ತಿ ಮುಗಿಯುವವರೆಗೆ ಕಾಯುವುದು. 7 ದಿನಕ್ಕೆ ಎಚ್ಚೆತ್ತರೆ ಮಗುವಿನ ಮನೆಗೆ ಶಿಕ್ಷಕರು ಹೋದಾಗ ಆ ಮಗುವಿಗೆ ಇನ್ನೂ ಹಿಂದಿನ ವಾರದ ಪಾಠ ನೆನಪಿರುತ್ತದೆ. ರಾಜ್ಯದ ನಿಯಮಗಳ ಸರಣಿಯೂ ಇದೇ ಆಗಿದೆ: ಮುಖ್ಯಗುರುಗಳು ಪಾಲಕರಿಗೆ ತಿಳಿಸಬೇಕು, ಹಾಜರಾತಿ ಪ್ರಾಧಿಕಾರಿ ಎಂದು ಗೊತ್ತುಪಡಿಸಿದ ಅಧಿಕಾರಿ ವಿಚಾರಿಸಿ ನೋಟೀಸು ಕೊಡಬೇಕು, ಮಗುವನ್ನು ಮರಳಿ ತರಬೇಕು.

ಕಾಗದದ ಮೇಲಿನ ಈ ಸರಣಿ ನಡೆಯದೆ ಹೋಗುವುದಕ್ಕೆ ಶಿಕ್ಷಕರ ಅಸಡ್ಡೆಯೊಂದೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದಿರುವುದರಲ್ಲಿ ಎಲ್ಲರಿಗೂ ಒಂದೊಂದು ಅನುಕೂಲವಿದೆ: ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕಾದ್ದರಿಂದ ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕ ಹುದ್ದೆ 'ಹೆಚ್ಚುವರಿ' ಎನಿಸಿಕೊಂಡು ಬೇರೆಡೆಗೆ ಹೋಗುತ್ತದೆ, ಪಾಲಕರಿಗೆ ಸಮವಸ್ತ್ರ, ಪುಸ್ತಕ, ವಿದ್ಯಾರ್ಥಿವೇತನಗಳ ಆಸೆಯಿರುತ್ತದೆ, ಮೇಲಿನ ಅಧಿಕಾರಿಗೆ ತನ್ನ ತಾಲ್ಲೂಕಿನಲ್ಲಿ ಹೊರಗುಳಿದ ಮಕ್ಕಳು ಕಡಿಮೆ ಎಂದು ವರದಿ ಕೊಡುವುದು ಹಿತವಾಗಿರುತ್ತದೆ. ಪ್ರತಿ ಮಗುವಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವುದನ್ನು ಹಿಂಬಾಲಿಸುವ 'ಸ್ಯಾಟ್ಸ್' ಎಂಬ ಗಣಕೀಕೃತ ವ್ಯವಸ್ಥೆ ರಾಜ್ಯದಲ್ಲಿದೆಯಾದರೂ, ಅದಕ್ಕೆ ತುಂಬುವ ಮಾಹಿತಿ ಶಾಲೆಯಿಂದಲೇ ಬರಬೇಕಾದ್ದರಿಂದ ಹಾಜರಿ ಪುಸ್ತಕ ಮುಚ್ಚಿಟ್ಟದ್ದನ್ನು ಯಂತ್ರವೂ ಮುಚ್ಚಿಡುತ್ತದೆ.

ಹೊಟ್ಟೆಯ ಹಸಿವು ಮಗುವನ್ನು ಶಾಲೆಯಿಂದ ದೂರವಿಡಬಾರದೆಂಬ ಉದ್ದೇಶದಿಂದ ಆರಂಭವಾದ ಅಕ್ಷರ ದಾಸೋಹ, ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು 2002ರಲ್ಲಿ ಬಳ್ಳಾರಿಯೂ ಸೇರಿದಂತೆ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ. 2013ರಲ್ಲಿ ಕ್ಷೀರ ಭಾಗ್ಯದ ಹಾಲು ಬಂತು. ಮಕ್ಕಳ ಅಪೌಷ್ಟಿಕತೆ ಹೆಚ್ಚಾಗಿರುವ ಜಿಲ್ಲೆಗಳಲ್ಲಿ 2021ರ ಡಿಸೆಂಬರ್‌ನಿಂದ ಮೊಟ್ಟೆ ಕೊಡತೊಡಗಿದಾಗಲೂ ಬಳ್ಳಾರಿ ಆ ಪಟ್ಟಿಯಲ್ಲಿತ್ತು. ಮಧ್ಯಾಹ್ನದ ಊಟ ಚಿಕ್ಕ ಮಕ್ಕಳನ್ನು ಶಾಲೆಗೆ ಕರೆತರುವಲ್ಲಿ ಮಾಡಿದಷ್ಟನ್ನು ಬೇರಾವ ಯೋಜನೆಯೂ ಮಾಡಿಲ್ಲವೆಂಬುದು ನಿರ್ವಿವಾದ. ಆದರೆ ಹದಿಮೂರು-ಹದಿನಾಲ್ಕರ ವಯಸ್ಸಿನ, ದಿನಕ್ಕೆ ಕೆಲವು ನೂರು ರೂಪಾಯಿ ದುಡಿಯಬಲ್ಲ ಹುಡುಗನನ್ನು ಊಟವೊಂದೇ ಹಿಡಿದಿಡಲಾರದು.

ಆ ವಯಸ್ಸಿನಲ್ಲೇ ಶಾಲೆಯ ಏಣಿಯ ಒಂದು ಮೆಟ್ಟಿಲು ಮುರಿದಿರುತ್ತದೆ. ಕರ್ನಾಟಕದ ಬಹುಪಾಲು ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆಗಳು ಏಳನೆಯ ತರಗತಿಗೆ ಮುಗಿಯುತ್ತವೆ, ಪ್ರೌಢಶಾಲೆ ಬೇರೆ ಊರಿನಲ್ಲಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಕೂಡ 14 ವರ್ಷಕ್ಕೆ ನಿಲ್ಲುತ್ತದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14ರ ಒಳಗಿನವರ ದುಡಿಮೆಯನ್ನು ನಿಷೇಧಿಸಿದರೂ ಶಾಲೆಯ ಸಮಯದ ನಂತರ ಮನೆಯ ಉದ್ಯೋಗದಲ್ಲಿ ನೆರವಾಗಲು ಅವಕಾಶ ಕೊಟ್ಟು, 14ರಿಂದ 18ರವರೆಗಿನವರಿಗೆ ಅಪಾಯಕಾರಿ ಕೆಲಸಗಳನ್ನಷ್ಟೇ ನಿಷೇಧಿಸಿದೆ. ಮನೆಯ ಪಡಸಾಲೆಯಲ್ಲಿ ಕುಳಿತು ಜೀನ್ಸಿನ ದಾರ ಕತ್ತರಿಸುವ ಮಗು ಯಾವ ತನಿಖಾಧಿಕಾರಿಯ ಕಣ್ಣಿಗೂ ಕಾರ್ಮಿಕನಾಗಿ ಕಾಣುವುದಿಲ್ಲ. ಹೆಣ್ಣುಮಗಳ ವಿಷಯದಲ್ಲಿ ದೂರದ ದಾರಿ, ಬಸ್ಸಿನ ವೇಳೆ, ಮುಟ್ಟು, ಮದುವೆಯ ಮಾತು, ಇವೆಲ್ಲವೂ ಒಂದೇ ವರ್ಷದಲ್ಲಿ ಎದುರಾಗುತ್ತವೆ. ಪ್ರೌಢಶಾಲಾ ಹಂತದಲ್ಲಿ ಶಾಲೆ ಬಿಡುವವರ ಪ್ರಮಾಣ 2021-22ರಲ್ಲಿ ದೇಶಕ್ಕೆ ಶೇ. 12.6 ಇದ್ದರೆ, ಕರ್ನಾಟಕದ್ದು ಅದಕ್ಕಿಂತ ಹೆಚ್ಚಾಗಿತ್ತು. ತಂತ್ರಜ್ಞಾನದ ರಾಜಧಾನಿಯೆಂದು ಹೆಮ್ಮೆಪಡುವ ರಾಜ್ಯಕ್ಕೆ ಇದು ಒಪ್ಪುವ ಸ್ಥಾನವಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ 2006-07ರಲ್ಲಿ ಆರಂಭವಾದ ಸೈಕಲ್ ವಿತರಣೆ, ಶಾಲೆ ಬಿಟ್ಟ ಹೆಣ್ಣುಮಕ್ಕಳಿಗಾಗಿ 2004ರಲ್ಲಿ ಬಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಇದೇ ಮುರಿದ ಮೆಟ್ಟಿಲಿಗೆ ಹಾಕಿದ ಹಲಗೆಗಳು. ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ಹಿರಿಯ ಮಗಳ ದೃಷ್ಟಿಯಿಂದ, 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಣೆಯಾದ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರವನ್ನು ಶಿಕ್ಷಣ ಯೋಜನೆಯೆಂದೇ ಎಣಿಸಬೇಕು. ಅದು ಪಂಚಾಯತ್ ರಾಜ್ ಇಲಾಖೆಯ ಕಡತದಲ್ಲಿದೆ ಎಂಬ ಕಾರಣಕ್ಕೆ ಶಾಲೆಯವರು ಅದರತ್ತ ನೋಡದಿರುವುದು ಸರಿಯಲ್ಲ.

ಇಲ್ಲಿಯವರೆಗೆ ಹೇಳಿದ ಮಕ್ಕಳು ಶಾಲೆಯ ಹೊರಗೆ ಹೋದವರು. ಶಾಲೆಯ ಒಳಗೇ ಕುಳಿತು ಶಾಲೆಯಿಂದ ದೂರವಾದ ಇನ್ನೊಂದು ಗುಂಪಿದೆ. ವಿಶೇಷ ಅಗತ್ಯವುಳ್ಳ ಮಕ್ಕಳು ಎಂದು ಶಿಕ್ಷಣ ಇಲಾಖೆ ಕರೆಯುವ, ದೃಷ್ಟಿ, ಶ್ರವಣ, ಚಲನೆ, ಬುದ್ಧಿಶಕ್ತಿ, ಮಾತು, ಕಲಿಕೆ ಇವುಗಳಲ್ಲಿ ಒಂದು ಅಥವಾ ಹಲವು ತೊಂದರೆಗಳಿರುವ ಈ ಮಕ್ಕಳಿಗೆ ಇತರರಿಗಿಂತ ಭಿನ್ನವಾದ ನೆರವು ಬೇಕಾಗುತ್ತದೆ. 2011ರ ಜನಗಣತಿ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತು. ಆ ಎಣಿಕೆಯಲ್ಲಿ ಕಲಿಕಾ ನ್ಯೂನತೆಗೆ ಪ್ರತ್ಯೇಕ ಜಾಗವೇ ಇರಲಿಲ್ಲ. 1995ರ ಕಾಯ್ದೆ ಗುರುತಿಸಿದ್ದು ಏಳು ಬಗೆಯ ಅಂಗವೈಕಲ್ಯಗಳನ್ನು, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ್ದು 21 ಬಗೆಗಳನ್ನು. ಆಟಿಸಂ, ಮಿದುಳಿನ ಪಾರ್ಶ್ವವಾಯು, ನಿರ್ದಿಷ್ಟ ಕಲಿಕಾ ನ್ಯೂನತೆ ಮೊದಲಾದವು ಇದರೊಳಗೆ ಸೇರಿದವು. ಶೇ. 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆಯಿರುವ, ಅಂದರೆ ಕಾನೂನಿನ ಭಾಷೆಯಲ್ಲಿ 'ಪ್ರಮಾಣಿತ ಅಂಗವೈಕಲ್ಯ'ವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಈ ಕಾಯ್ದೆಯಿಂದ ಬಂತು. ಇತರ ಮಕ್ಕಳಿಗೆ 14ಕ್ಕೆ ನಿಲ್ಲುವ ಹಕ್ಕು ಈ ಮಕ್ಕಳಿಗೆ ಇನ್ನೂ ನಾಲ್ಕು ವರ್ಷ ಮುಂದುವರಿಯುತ್ತದೆ ಎಂಬುದು ಹಳ್ಳಿಯ ಬಹಳಷ್ಟು ಪಾಲಕರಿಗೆ ಗೊತ್ತಿಲ್ಲ.

ಎಲ್ಲ ತೊಂದರೆಗಳೂ ಗಾಲಿಕುರ್ಚಿಯಂತೆ ಕಣ್ಣಿಗೆ ಕಾಣುವುದಿಲ್ಲ. ಕಪ್ಪುಹಲಗೆಯ ಮೇಲಿನದನ್ನು ಬಿಟ್ಟು ಪಕ್ಕದವರ ನೋಟುಪುಸ್ತಕ ನೋಡಿ ಬರೆಯುವ ಮಗುವಿಗೆ ಬೇಕಾಗಿರುವುದು ಹಲವು ಬಾರಿ ಕನ್ನಡಕವಷ್ಟೇ. ಕರೆದರೆ ತಿರುಗದ, ಶಿಕ್ಷಕರ ಬಾಯಿಯನ್ನೇ ದಿಟ್ಟಿಸುವ, ಕಿವಿ ಸೋರುವ ಮಗುವನ್ನು 'ಮಂಕು' ಎಂದು ಹಿಂದಿನ ಸಾಲಿಗೆ ಕಳಿಸಿದರೆ ಅದಕ್ಕೆ ಕೇಳಿಸುತ್ತಿದ್ದ ಅಷ್ಟಿಷ್ಟೂ ಕೇಳಿಸದಾಗುತ್ತದೆ. ಇಂಥವನ್ನು ಬೇಗ ಹಿಡಿಯಲೆಂದೇ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಿಸಿ ಮೇಲಿನ ಆಸ್ಪತ್ರೆಗೆ ಕಳಿಸಬೇಕೆಂಬ ಏರ್ಪಾಡಿದೆ. ತಂಡ ಬಂದ ದಿನ ಆ ಮಗು ಹೊಲದಲ್ಲಿದ್ದರೆ ಮುಂದಿನ ತಪಾಸಣೆ ಇನ್ನೊಂದು ವರ್ಷಕ್ಕೆ ಹೋಗುತ್ತದೆ. ಗೈರುಹಾಜರಿಯ ಸಮಸ್ಯೆಯೂ ವಿಶೇಷ ಅಗತ್ಯದ ಸಮಸ್ಯೆಯೂ ಬೇರೆ ಬೇರೆ ಮಕ್ಕಳವಲ್ಲ, ಎಷ್ಟೋ ಸಲ ಒಂದೇ ಮಗುವಿನವು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಇವೆಲ್ಲಕ್ಕಿಂತ ಗುರುತಿಸಲು ಕಷ್ಟವಾದದ್ದು ಓದಿನ ನ್ಯೂನತೆ, ಅಂದರೆ ಡಿಸ್ಲೆಕ್ಸಿಯಾ. ಬುದ್ಧಿಗೆ, ಕಣ್ಣಿಗೆ, ಕಿವಿಗೆ ಏನೂ ಕೊರತೆಯಿಲ್ಲದ, ಸರಿಯಾದ ಪಾಠವೂ ಸಿಕ್ಕ ಮಗುವಿಗೆ ಬರಹವನ್ನು ಧ್ವನಿಯಾಗಿ ಬಿಡಿಸಿಕೊಳ್ಳುವುದೇ ಕಷ್ಟವಾಗುವ ಈ ಸ್ಥಿತಿಯ ಬಗ್ಗೆ ಲಭ್ಯವಿರುವ ತಿಳಿವಳಿಕೆ ಬಹುಮಟ್ಟಿಗೆ ಇಂಗ್ಲಿಷ್ ಓದುವ ಮಕ್ಕಳಿಂದ ಬಂದದ್ದು. ಕನ್ನಡದ ಮಾತು ಬೇರೆ. ಕನ್ನಡದಲ್ಲಿ ಬರೆದಂತೆ ಓದುವುದರಿಂದ ಓದು ಸುಲಭವೆಂಬ ನಂಬಿಕೆಯಿದೆ; ಆದರೆ ಮಗು ಕಲಿಯಬೇಕಾದ ಗುರುತುಗಳ ಸಂಖ್ಯೆ ದೊಡ್ಡದು. ಮೂಲಾಕ್ಷರಗಳಾದ ಮೇಲೆ ಪ್ರತಿ ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಅದರಲ್ಲೂ ತ, ನ, ಮ, ಯ, ರ, ಲ ಇವುಗಳ ಒತ್ತುಗಳಿಗೂ ಮೂಲ ಅಕ್ಷರಗಳಿಗೂ ರೂಪದಲ್ಲಿ ಹೋಲಿಕೆಯಿಲ್ಲ. 'ಕರ್ನಾಟಕ' ಎಂಬ ಪದದಲ್ಲಿ ನಾಲಿಗೆ ಮೊದಲು ನುಡಿಯುವ 'ರ್' ಧ್ವನಿಗೆ ಕೈ ಬರೆಯುವ ಅರ್ಕಾವತ್ತು ನಂತರದ ಅಕ್ಷರದ ಹಿಂದೆ ಬಂದು ಕೂರುತ್ತದೆ. ಪ, ವ, ಮ ಮತ್ತು ಷ ಒಂದರಿಂದ ಒಂದು ಬೇರೆಯಾಗುವುದು ಒಂದು ಗೀಟಿನಿಂದ ಅಥವಾ ಒಂದು ಕೊಂಡಿಯಿಂದ. ಕನ್ನಡ ಮಾಧ್ಯಮದ ಮಕ್ಕಳ ಆರಂಭಿಕ ಓದನ್ನು ಕುರಿತು ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಮೇಲಿನ ಹಿಡಿತ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ತೋರಿಸಿತು.

ಇದರ ಪರಿಣಾಮ ದೂರಗಾಮಿಯಾದದ್ದು. ಮೂರನೆಯ ತರಗತಿಯ ಮಗು ಒತ್ತಕ್ಷರ ತಪ್ಪುವುದು ಕಲಿಕೆಯ ಸಹಜ ಹಂತವಾಗಿರಬಹುದು, ಒತ್ತಕ್ಷರ ಕಲಿಸಿದ ತಿಂಗಳು ಮಗು ಹತ್ತಿ ಹೊಲದಲ್ಲಿದ್ದುದರ ಫಲವಾಗಿರಬಹುದು, ಅಥವಾ ನಿಜವಾದ ಕಲಿಕಾ ನ್ಯೂನತೆಯೇ ಆಗಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ. ಅನುಭವಿ ಶಿಕ್ಷಕರು ಕೆಲವು ಸುಳಿವುಗಳನ್ನು ಹಿಡಿಯುತ್ತಾರೆ: ಗೈರಾಗಿ ಹಿಂದುಳಿದ ಮಗು ತಾನು ಕಲಿಯದ ಗುರುತುಗಳಲ್ಲಿ ಮಾತ್ರ ಪ್ರತಿ ಸಲವೂ ಒಂದೇ ಬಗೆಯಲ್ಲಿ ತಪ್ಪುತ್ತದೆ, ಕಲಿಸಿದರೆ ಕೆಲವೇ ವಾರಗಳಲ್ಲಿ ತಿದ್ದಿಕೊಳ್ಳುತ್ತದೆ, ಕಲಿಕಾ ನ್ಯೂನತೆಯ ಮಗು ಪುಟದ ಮೇಲ್ತುದಿಯಲ್ಲಿ ಸರಿಯಾಗಿ ಬರೆದ ಪದವನ್ನೇ ಕೆಳತುದಿಯಲ್ಲಿ ತಪ್ಪಾಗಿ ಬರೆಯುತ್ತದೆ, ಬಾಯಿಲೆಕ್ಕದಲ್ಲಿ ಚುರುಕಾಗಿದ್ದು ಅದೇ ಲೆಕ್ಕ ಬರಹದಲ್ಲಿ ಬಂದರೆ ತಡವರಿಸುತ್ತದೆ. ಸುಳಿವು ಸುಳಿವಷ್ಟೇ, ನಿರ್ಣಯವನ್ನು ತಜ್ಞರೇ ಮಾಡಬೇಕು. ಗಡಿಯ ಊರುಗಳಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ; ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಮಾತನಾಡುವ ಮಗು ಪಠ್ಯಪುಸ್ತಕದ ಕನ್ನಡದ ಮುಂದೆ ಮೌನವಾಗುವುದನ್ನು ನ್ಯೂನತೆ ಎಂದು ಬರೆದುಕೊಂಡರೆ, ಭಾಷೆ ಕಲಿಸಬೇಕಾದಲ್ಲಿ ಪ್ರಮಾಣಪತ್ರ ಕೊಟ್ಟಂತಾಗುತ್ತದೆ.

ಇಂಥ ಮಕ್ಕಳ ನೆರವಿಗೆ ಇರುವ ವ್ಯವಸ್ಥೆಯ ಕೇಂದ್ರ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಜನರ ಬಾಯಲ್ಲಿ ಬಿಆರ್‌ಸಿ. ಅಲ್ಲಿ ಬಿಐಇಆರ್‌ಟಿ ಎಂದು ಕರೆಯುವ, ವಿಶೇಷ ಶಿಕ್ಷಣದ ತರಬೇತಿ ಪಡೆದ ಸಂಪನ್ಮೂಲ ಶಿಕ್ಷಕರಿದ್ದು, ಅವರು ಶಾಲೆಗಳಿಗೆ ಹೋಗಿ ಇಂಥ ಮಕ್ಕಳನ್ನು ಗುರುತಿಸಿ ತರಗತಿ ಶಿಕ್ಷಕರಿಗೆ ದಾರಿ ತೋರಿಸಬೇಕು. ಶಾಲೆಗೆ ಬರಲಾಗದಷ್ಟು ತೀವ್ರ ಅಥವಾ ಬಹುವಿಧ ನ್ಯೂನತೆಯಿರುವ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಆಯ್ಕೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ಗೃಹಾಧಾರಿತ ಶಿಕ್ಷಣದ ಸ್ವಯಂಸೇವಕರು ಮನೆಗೆ ಬಂದು ಉಣ್ಣುವುದು, ಉಡುವುದು, ಶೌಚಕ್ಕೆ ಹೋಗುವುದು ಮೊದಲಾದ ನಿತ್ಯದ ಕೌಶಲಗಳಿಂದ ಆರಂಭಿಸಿ ಕಲಿಸುತ್ತಾರೆ. 2018ರಲ್ಲಿ ರೂಪುಗೊಂಡ ಸಮಗ್ರ ಶಿಕ್ಷಣ ಯೋಜನೆ ಪ್ರತಿ ಮಗುವಿಗೆ ವರ್ಷಕ್ಕೆ ₹3,500ರವರೆಗೆ ನೆರವು ಒದಗಿಸುತ್ತದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ ₹200 ಪ್ರೋತ್ಸಾಹಧನವಿದೆ. ವರ್ಷಕ್ಕೊಮ್ಮೆ ತಾಲ್ಲೂಕು ಕೇಂದ್ರದಲ್ಲಿ ನಡೆಯುವ ವೈದ್ಯಕೀಯ ತಪಾಸಣಾ ಶಿಬಿರದಲ್ಲಿ ಅಳತೆ ತೆಗೆದುಕೊಂಡು, ಕೇಂದ್ರ ಸರ್ಕಾರದ ಉದ್ಯಮವಾದ ಅಲಿಮ್ಕೊ ತಯಾರಿಸಿದ ಕ್ಯಾಲಿಪರ್, ಗಾಲಿಕುರ್ಚಿ, ಶ್ರವಣಸಾಧನಗಳನ್ನು ಹಂಚಲಾಗುತ್ತದೆ.

ತೊಡಕು ಹಂಚಿಕೆಯ ನಂತರ ಶುರುವಾಗುತ್ತದೆ. ಬೆಳೆಯುವ ಮಗುವಿಗೆ ಈ ವರ್ಷದ ಕ್ಯಾಲಿಪರ್ ಮುಂದಿನ ವರ್ಷ ಗಿಡ್ಡವಾಗುತ್ತದೆ. ಶ್ರವಣಸಾಧನದ ಗುಂಡಿಯಂಥ ಬ್ಯಾಟರಿ ಒಂದೆರಡು ವಾರಕ್ಕೆ ಮುಗಿದು, ಹೊಸದು ಹಳ್ಳಿಯ ಅಂಗಡಿಯಲ್ಲಿ ಸಿಗದೆ ಸಾಧನ ಡಬ್ಬಿಯಲ್ಲೇ ಉಳಿಯುತ್ತದೆ. ಶಾಲೆಯ ಇಳಿಜಾರು ದಾರಿಯ ವಿಷಯವೂ ಹೀಗೆಯೇ. ಒಂದು ಅಡಿ ಎತ್ತರದ ಜಗಲಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಮಾನದಂಡ. ಅನುದಾನ ಖರ್ಚಾಯಿತೆಂದು ತೋರಿಸಲು ನಾಲ್ಕೈದು ಅಡಿಯಲ್ಲಿ ಕಡಿದಾಗಿ ಕಟ್ಟಿದ ಇಳಿಜಾರಿನ ಮೇಲೆ ಗಾಲಿಕುರ್ಚಿಯನ್ನು ಮಗು ತಾನಾಗಿ ತಳ್ಳಿಕೊಂಡು ಹತ್ತಲಾರದು, ಇಳಿಯುವಾಗ ಬೀಳುವುದೂ ಉಂಟು. ಇನ್ನು ಸಿಬ್ಬಂದಿಯ ಮಾತು: ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣವನ್ನು ಒಪ್ಪಿ, ಹುದ್ದೆಗಳನ್ನು ಸೃಷ್ಟಿಸುವಂತೆ ರಾಜ್ಯಗಳಿಗೆ 2025ರ ಮಾರ್ಚ್‌ನಲ್ಲಿ ಮತ್ತೆ ತಾಕೀತು ಮಾಡಿತು. ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು ಇಡೀ ತಾಲ್ಲೂಕಿನ ಶಾಲೆಗಳನ್ನು ಸುತ್ತುವ ಈಗಿನ ಏರ್ಪಾಡಿಗೂ ಈ ಪ್ರಮಾಣಕ್ಕೂ ಬಹಳ ಅಂತರವಿದೆ.

ಪ್ರತ್ಯೇಕ ಶಾಲೆಯೇ ಲೇಸೋ, ಎಲ್ಲರ ಜೊತೆಗಿನ ಶಾಲೆಯೇ ಲೇಸೋ ಎಂಬ ಚರ್ಚೆ ಹಳೆಯದು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲೇ ಆರಂಭವಾಗಿತ್ತು. ಬಳ್ಳಾರಿಯಲ್ಲಿ ಕೂಡ ಕಿವುಡ ಮಕ್ಕಳ ಸರ್ಕಾರಿ ಶಾಲೆಯಿದೆ. 1994ರಲ್ಲಿ ಸ್ಪೇನಿನ ಸಲಮಾಂಕದಲ್ಲಿ ಸೇರಿದ ದೇಶಗಳು ಸಾಮಾನ್ಯ ಶಾಲೆಯೇ ಎಲ್ಲ ಮಕ್ಕಳ ಶಾಲೆಯಾಗಬೇಕೆಂದು ಘೋಷಿಸಿದವು, 2007ರಲ್ಲಿ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿದ ಭಾರತವೂ ಅದೇ ದಾರಿ ಹಿಡಿಯಿತು. ತತ್ತ್ವವಾಗಿ ಇದು ಸರಿ. ಆದರೆ ಸಂಜ್ಞಾಭಾಷೆ ಬಲ್ಲ ಒಬ್ಬರೂ ಇಲ್ಲದ ಹಳ್ಳಿಯ ಶಾಲೆಯಲ್ಲಿ ಪೂರ್ಣ ಕಿವುಡ ಮಗುವನ್ನು ಕೂರಿಸಿ ಅದನ್ನು ಸಮನ್ವಯ ಶಿಕ್ಷಣ ಎನ್ನುವುದು ಹೆಸರಿಗೆ ಮಾತ್ರದ ಮಾತು. ಭಾಷೆ ಕಲಿಯುವ ಮೊದಲ ವರ್ಷಗಳಲ್ಲಿ ಅಂಥ ಮಗುವಿಗೆ ಬಳ್ಳಾರಿಯ ಶಾಲೆಯೇ ಹೆಚ್ಚು ಉಪಕಾರಿ. ಕಾಲಿನ ತೊಂದರೆಯ, ಮಂದದೃಷ್ಟಿಯ, ಓದಿನ ನ್ಯೂನತೆಯ ಮಗುವಿಗೆ ಊರ ಶಾಲೆಯನ್ನು ಬಿಟ್ಟು ಬೇರೆಡೆ ಹೋಗುವ ಕಾರಣವೇ ಇಲ್ಲ.

ಗೈರಾಗುವ ಮಗುವಿಗೂ ನಿಧಾನವಾಗಿ ಕಲಿಯುವ ಮಗುವಿಗೂ ಒಟ್ಟಿಗೆ ನೆರವಾಗುವ ಬೋಧನಾಕ್ರಮವೊಂದು ಕರ್ನಾಟಕದಲ್ಲೇ ಹುಟ್ಟಿತೆಂಬುದನ್ನು ಇಲ್ಲಿ ನೆನೆಯಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿ ಬಂದು ರೂಪಿಸಿದ ನಲಿ-ಕಲಿ, 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕಿರಿಯ ತರಗತಿಗಳಿಗೂ ಬಂತು. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮಗುವೂ ತನ್ನ ವೇಗದಲ್ಲಿ ಕಾರ್ಡುಗಳ ಮೂಲಕ ಏರುವ ಈ ಕ್ರಮದಲ್ಲಿ ಹತ್ತು ದಿನ ಗೈರಾಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಆರಂಭಿಸುತ್ತದೆ, ತರಗತಿ ಅದನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ. ನಲಿ-ಕಲಿಯ ನಿರ್ವಹಣೆಯಲ್ಲಿ ದೋಷಗಳಿಲ್ಲವೆಂದಲ್ಲ. ಆದರೆ ಗುಳೆ ಹೋಗುವ ಮಕ್ಕಳ ಸೀಮೆಗೆ ಇದಕ್ಕಿಂತ ಹೊಂದುವ ವಿಧಾನ ಮತ್ತೊಂದಿಲ್ಲ. ವಿಪರ್ಯಾಸವೆಂದರೆ ಮಕ್ಕಳು ಕೂಲಿಗೆ ಹೋಗತೊಡಗುವ ನಾಲ್ಕನೆಯ ತರಗತಿಯ ಹೊತ್ತಿಗೆ ಏಣಿ ಮುಗಿದು, ಎಲ್ಲರೂ ಒಂದೇ ಪುಟದಲ್ಲಿರಬೇಕಾದ ಪಠ್ಯಪುಸ್ತಕ ಬರುತ್ತದೆ. ನಾಲ್ಕರಿಂದ ಏಳರವರೆಗಿನ ತರಗತಿಗಳಿಗೂ, ಕನಿಷ್ಠ ಭಾಷೆ ಮತ್ತು ಗಣಿತಕ್ಕೆ, ಇಂಥ ಏಣಿಯೊಂದನ್ನು ಸಿದ್ಧಪಡಿಸುವುದು ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಹೊಸ ಕಟ್ಟಡಗಳಿಗಿಂತ ತುರ್ತಾಗಿ ಬೇಕಾದ ಕೆಲಸ.

ಊರಿನವರ ಪಾಲೂ ಚಿಕ್ಕದಲ್ಲ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಪಾಲಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ಅದರ ಸಭೆಗಳಲ್ಲಿ ಕಾಂಪೌಂಡ್ ಗೋಡೆ, ಬಣ್ಣ, ಬೋರ್‌ವೆಲ್‌ಗಳ ಚರ್ಚೆ ನಡೆಯುವಷ್ಟು ಹಾಜರಿಯ ಚರ್ಚೆ ನಡೆಯುವುದಿಲ್ಲ. ತಿಂಗಳಿಗೊಮ್ಮೆ ಹಾಜರಿ ಪುಸ್ತಕವನ್ನು ಸಭೆಯ ಮುಂದಿಟ್ಟು ಏಳು ದಿನ ದಾಟಿದ ಹೆಸರುಗಳನ್ನು ಓದಿದರೆ, ಆ ಮಗು ಯಾವ ಮೇಸ್ತ್ರಿಯ ಗುಂಪಿನಲ್ಲಿ ಯಾರ ಹೊಲಕ್ಕೆ ಹೋಗಿದೆ ಎಂಬುದು ಅಲ್ಲಿ ಕುಳಿತವರಿಗೆ ಅಧಿಕಾರಿಗಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎಷ್ಟೋ ಸಲ ಆ ಹೊಲದ ಧಣಿಯೇ ಸಮಿತಿಯಲ್ಲಿರುತ್ತಾನೆ ಎಂಬುದು ಅದನ್ನು ಓದಲು ಇರುವ ಅಡ್ಡಿಯೂ ಹೌದು, ಓದಲೇಬೇಕಾದ ಕಾರಣವೂ ಹೌದು.

ಮಗು ದುಡಿಯುತ್ತಿರುವುದು, ಬಾಲ್ಯವಿವಾಹದ ಸಿದ್ಧತೆ ನಡೆದಿರುವುದು ಕಂಡುಬಂದರೆ 1098 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ವಿಶೇಷ ಅಗತ್ಯದ ಮಗುವಿನ ಪಾಲಕರು ಶಾಲೆಯ ಮೂಲಕ ಬಿಆರ್‌ಸಿಯ ಸಂಪನ್ಮೂಲ ಶಿಕ್ಷಕರನ್ನು ಕೇಳಿಕೊಂಡು ಹೋಗಬೇಕು, ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಿಸಬೇಕು. ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಮೂರು ತಿಂಗಳಿಂದ ಎರಡು ವರ್ಷದವರೆಗೆ ವಿಶೇಷ ತರಬೇತಿ ಕೊಡುವುದು ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಕಲಮಿನ ಪ್ರಕಾರ ಸರ್ಕಾರದ ಹೊಣೆ. ಗುಳೆಯಿಂದ ಮರಳಿದ ಮಗುವಿಗೆ ವರ್ಗಾವಣೆ ಪತ್ರವಿಲ್ಲವೆಂದಾಗಲಿ, ವಯಸ್ಸಿನ ದಾಖಲೆಯಿಲ್ಲವೆಂದಾಗಲಿ, ಜೂನ್ ಮುಗಿದುಹೋಯಿತೆಂದಾಗಲಿ ಯಾವ ಸರ್ಕಾರಿ ಶಾಲೆಯೂ ವರ್ಷದ ಯಾವ ತಿಂಗಳಲ್ಲೂ ದಾಖಲಾತಿ ನಿರಾಕರಿಸುವಂತಿಲ್ಲ.